ಮೂರು ಸಲ ತಿರುಗಿದ ಮೇಲೆ

ಸಿಟಿ ಬಸ್ಸು ಓಡಿಸುವವರಿಗೆ ಬಾಯಲ್ಲೇ ಗೊಣಗುವ ಚಟ ತಾನಾಗಿ ಅಂಟಿಕೊಳ್ಳುತ್ತದೆ. ಅಡ್ಡ ಬಂದ ಸ್ಕೂಟರಿನವನಿಗೆ, ನಿಲ್ದಾಣ ಬಿಟ್ಟು ಹತ್ತು ಮಾರು ಆಚೆ ನಿಂತು ಕೈ ಬೀಸುವವರಿಗೆ, ಹಸಿರು ದೀಪ ಬಂದರೂ ಕದಲದ ಮುಂದಿನ ಕಾರಿಗೆ, ಹೀಗೆ ಅವರವರ ಯೋಗ್ಯತೆಗೆ ತಕ್ಕ ಮಂಗಳಾರತಿ. ಕಿಟಕಿ ಮುಚ್ಚಿರುತ್ತದೆ, ಎಂಜಿನ್ ಸದ್ದು ಇರುತ್ತದೆ, ಯಾರಿಗೂ ಕೇಳಿಸುವುದಿಲ್ಲ. ಬೀಗದಜ್ಜನ ಮಗಳು ಹದಿನೇಳು ವರ್ಷ ಹೀಗೆ ಗೊಣಗುತ್ತಲೇ ಬಸ್ಸು ಓಡಿಸಿದ್ದಳು. ಒಂದೂ ಅಪಘಾತ ಮಾಡಿರಲಿಲ್ಲ, ಒಬ್ಬರ ಜತೆಗೂ ಜಗಳ ಆಡಿರಲಿಲ್ಲ. ಬೈಗುಳವೆಲ್ಲ ಗಾಜಿನ ಒಳಗೇ ಖರ್ಚಾಗಿಬಿಟ್ಟರೆ ಜಗಳಕ್ಕೆ ಉಳಿಯುವುದಾದರೂ ಏನು?

ಅವಳಿಗೆ ನಲವತ್ತೆರಡು. ಅಪ್ಪನ ಬಾಯಲ್ಲಿ ಇನ್ನೂ ಪುಟ್ಟಿ.

ಅಪ್ಪನ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಅಡಿಯಲ್ಲಿತ್ತು. ಫುಟ್‌ಪಾತಿನಿಂದ ನಾಲ್ಕು ಮೆಟ್ಟಿಲು ಇಳಿದರೆ ಒಂದು ಗಾಜಿನ ಬಾಗಿಲು, ಒಳಗೆ ಬಸ್ಸಿನ ಅರ್ಧದಷ್ಟು ಜಾಗ. ಮೂರು ಗೋಡೆಗೂ ಮೊಳೆ, ಮೊಳೆಗೊಂದು ಗೊಂಚಲು ಬೀಗದ ಕೈ. ಮೂಲೆಯಲ್ಲಿ ಕೀ ಕೊರೆಯುವ ಯಂತ್ರ. ಅದನ್ನು ಹಾಕಿದಾಗ ಒಮ್ಮೊಮ್ಮೆ ಫ್ಯೂಸು ಹಾರಿ ಇಡೀ ಅಂಗಡಿ ಕತ್ತಲಾಗುತ್ತಿತ್ತು. ಐವತ್ತು ವರ್ಷದಿಂದ ಅಪ್ಪ ಅಲ್ಲೇ ಕೂತು ಊರಿನ ಬಾಗಿಲುಗಳನ್ನು ತೆಗೆಯುತ್ತ ಬಂದಿದ್ದ. ಬಂದ ಗಿರಾಕಿಗೆಲ್ಲ ಒಂದು ಉಪದೇಶ ತಪ್ಪುತ್ತಿರಲಿಲ್ಲ: "ಹೊಸ ಕೀ ಒಳಗೆ ಹೋದ ಮಾತ್ರಕ್ಕೆ ಅದು ಆ ಬೀಗದ ಕೀ ಅಲ್ಲ. ಮೂರು ಸಲ ತಿರುಗಬೇಕು. ತಿರುಗೋವರೆಗೂ ಹಳೇದನ್ನ ಬಿಸಾಕಬೇಡಿ." ಮಗಳು ಈ ಮಾತನ್ನು ತೊಟ್ಟಿಲಿನಿಂದಲೂ ಕೇಳಿದ್ದಳು. ಅಷ್ಟು ಸಲ ಕೇಳಿದ ಮಾತು ತಲೆಯೊಳಗೆ ಇಳಿಯುವುದಿಲ್ಲ, ಕಿವಿಯ ಹತ್ತಿರವೇ ಎಲ್ಲೋ ಕೂತುಬಿಡುತ್ತದೆ.

ಎರಡು ವರ್ಷದ ಹಿಂದೆ ಅಪ್ಪನ ಕಿವಿ ಪೂರ್ತಿ ಹೋಯಿತು. ನರವೇ ಸತ್ತಿದೆ, ಯಂತ್ರ ಹಾಕಿದರೂ ಅಷ್ಟೇ, ಎಂದರು ಡಾಕ್ಟರು. ಮಾತು ಮೊದಲಿನಂತೆಯೇ ಆಡುತ್ತಿದ್ದ, ಎದುರಿಗಿದ್ದವರ ಮಾತು ಮಾತ್ರ ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ. ಮಗಳು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು. ಆದರೆ ಗಿರಾಕಿಗಳು ಬರೆಯುತ್ತಾರೆಯೇ? ಬೀಗದ ಅಂಗಡಿಗೆ ಬರುವವರೆಲ್ಲ ಅವಸರದವರು, ಮನೆಯ ಹೊರಗೆ ಸಿಕ್ಕಿಬಿದ್ದವರು. ಎರಡು ಸಲ ಕಿರುಚಿ, ಮೂರನೇ ಸಲ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಹಾಗಾಗಿ ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತಿ ಎರಡಕ್ಕೆ ಇಳಿದ ಮಗಳು, ಮೊದಲಿನಂತೆ ಮನೆಗೆ ಹೋಗಿ ಮಲಗದೆ, ನೇರ ಅಂಗಡಿಗೆ ಬಂದು ಅಪ್ಪನ ಪಕ್ಕ ಕೂರತೊಡಗಿದಳು. ಗಿರಾಕಿ ಹೇಳಿದ್ದನ್ನು ಸ್ಲೇಟಿಗೆ ಇಳಿಸುವುದು, ನಡುವೆ ತೂಕಡಿಸುವುದು.

ಇದರಲ್ಲಿ ಅವಳಿಗೊಂದು ಅನುಕೂಲವೂ ಇತ್ತು. ಬಸ್ಸಿನ ಚಟವನ್ನು ಅಂಗಡಿಯಲ್ಲೂ ಮುಂದುವರಿಸಬಹುದಿತ್ತು. ಅಪ್ಪನ ಎದುರಿಗೇ ನಿಂತು "ಈ ಮುದುಕನ ಹಟ ಏನು ಹಟವೋ" ಎಂದು ಗೊಣಗಬಹುದಿತ್ತು. ಒಂದು ತಿಂಗಳಿಂದ ಅವಳು ಬೇರೆ ಒಂದು ಮಾತನ್ನೂ ಗೊಣಗುತ್ತಿದ್ದಳು. ಬಸ್ಸಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಡೀ ದಿನ ಇಲ್ಲೇ ಕೂರುವ ಮಾತು. ಪತ್ರ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೂ ಆಗಿತ್ತು. ಸ್ಲೇಟಿನ ಮೇಲೆ ಮಾತ್ರ ಅದನ್ನು ಬರೆದಿರಲಿಲ್ಲ.

ಬರೆಯದಿದ್ದುದಕ್ಕೆ ಕಾರಣ ಇತ್ತು. ಅಂಗಡಿಯ ಬಾಡಿಗೆ ಕರಾರು ಈ ಶನಿವಾರಕ್ಕೆ ಮುಗಿಯುತ್ತಿತ್ತು, ಕಟ್ಟಡದ ಒಡತಿ ಸಂಜೆ ಐದಕ್ಕೆ ಕಾಗದ ಹಿಡಿದು ಬರುವವಳಿದ್ದಳು. ಅಪ್ಪ ಸಹಿ ಹಾಕುವುದಿಲ್ಲ ಎಂದುಬಿಟ್ಟಿದ್ದ.

"ನೀನು ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯ ಪುಟ್ಟಿ. ನನ್ನಿಂದ ನೀನು ಮುಳುಗೋದು ಬೇಡ. ಗಿರಾಕಿ ಕೇಳಿದ್ದಕ್ಕೆ ನಾನೇ ಉತ್ತರ ಕೊಡೋ ಹಾಗಾದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಬಾಗಿಲು ಹಾಕ್ತೀನಿ."

ಅಂಗಡಿ ಬಿಟ್ಟರೆ ಅಪ್ಪ ಏನಾಗುತ್ತಾನೆ ಎನ್ನುವುದು ಮಗಳಿಗೆ ಗೊತ್ತಿತ್ತು. ಮನೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಾನೆ. ಜ್ವರ ಬಂದು ನಾಲ್ಕು ದಿನ ಮನೆಯಲ್ಲಿದ್ದಾಗ ಅವನು ಅಡುಗೆಮನೆಯ ಬೀಗವನ್ನು ಎಂಟು ಸಲ ಬಿಚ್ಚಿ ಜೋಡಿಸಿದ್ದ. ಅಡುಗೆಮನೆಗೆ ಬೀಗ ಯಾಕೆ ಬೇಕು, ಅದನ್ನು ಹಾಕಿದ್ದೂ ಅವನೇ.

ಅದಕ್ಕೇ ಅವಳು ಪಟ್ಟು ಹಿಡಿದಳು. ತಂಗಿಯ ಮಗಳು ಓದು ಮುಗಿಸಿ ಬಿಟ್ಟುಹೋದ ಹಳೇ ಕಂಪ್ಯೂಟರನ್ನು ಅಂಗಡಿಗೆ ತಂದಳು. ಡಿಪೋದ ಕಂಟ್ರೋಲ್ ರೂಮಿನಲ್ಲಿ ಕೂರುವ ಗೆಳತಿ ಅದರಲ್ಲೊಂದು ಪ್ರೋಗ್ರಾಮ್ ಹಾಕಿಕೊಟ್ಟಳು. ಮೈಕಿನ ಮುಂದೆ ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಮೊಬೈಲಿನಲ್ಲೂ ಇಂಥದ್ದು ಇದೆ ನಿಜ, ಆದರೆ ಆ ತಗ್ಗಿನ ಅಂಗಡಿಗೆ ಸಿಗ್ನಲ್ ಇಳಿಯುತ್ತಿರಲಿಲ್ಲ, ಅಪ್ಪನ ಕಣ್ಣಿಗೆ ಆ ಇರುವೆಯಂಥ ಅಕ್ಷರ ಹಿಡಿಯುತ್ತಲೂ ಇರಲಿಲ್ಲ. ಈ ಪ್ರೋಗ್ರಾಮಿಗೆ ಇಂಟರ್ನೆಟ್ಟಿನ ಹಂಗಿಲ್ಲ. ಒಂದೇ ತೊಂದರೆ, ಎಲ್ಲ ಲೆಕ್ಕವನ್ನೂ ಕಂಪ್ಯೂಟರೇ ಕೂತು ಮಾಡಬೇಕು, ಅದರ ಪ್ರೊಸೆಸರಿಗೆ ಅಷ್ಟು ತ್ರಾಣ ಇರಲಿಲ್ಲ. ಮಾತು ಆಡಿ ಅರ್ಧ ನಿಮಿಷದ ಮೇಲೆ ಅಕ್ಷರ ಬರುತ್ತಿತ್ತು. "ಸಂಜೆ ಬರಲಾ" ಎಂದು ಪರದೆ ಕೇಳುವ ಹೊತ್ತಿಗೆ ಆ ಗಿರಾಕಿ ಮುಂದಿನ ಬೀದಿಯಲ್ಲಿರುತ್ತಿದ್ದ.

"ಪ್ರೊಸೆಸರ್ ಬದಲಾಯಿಸು," ಎಂದಳು ಗೆಳತಿ. "ಅದು ಒಳಗಿನ ದೊಡ್ಡ ಬೋರ್ಡಿನ ಮೇಲೆ ಕೂರೋ ಜಾಗಕ್ಕೆ ಸಾಕೆಟ್ ಅಂತಾರೆ. ನಿನ್ನ ಬೋರ್ಡಿನ ಸಾಕೆಟ್ ಹೆಸರು, ಹೊಸ ಪ್ರೊಸೆಸರಿನ ಸಾಕೆಟ್ ಹೆಸರು ಎರಡೂ ಒಂದೇ ಇರಬೇಕು. ಆಮೇಲೆ ಬೋರ್ಡ್ ಕಂಪನಿಯವರ ಪಟ್ಟೀನೂ ಒಂದ್ಸಲ..."

ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಡ್ರೈವರಿಗೆ ಹೊತ್ತೆಂದರೆ ಹೊತ್ತು. ಅರ್ಧ ಬುದ್ಧಿಮಾತು ಕೇಳಿಕೊಂಡು ಅವಳು ಸ್ಟಿಯರಿಂಗ್ ಹಿಡಿದಳು.

ಗುರುವಾರ ಮಧ್ಯಾಹ್ನ ಹೊಸ ಪ್ರೊಸೆಸರು ಬಂತು. ಸಾಕೆಟ್ ಹೆಸರು ಅಕ್ಷರಕ್ಷರವೂ ಒಂದೇ ಎಂದು ನಾಲ್ಕು ಸಲ ನೋಡಿಯೇ ತರಿಸಿದ್ದಳು. ಅಪ್ಪನ ಮೇಜಿನ ಮೇಲೆ ಹತ್ತಿ ಬಟ್ಟೆ ಹಾಸಿ, ಪೆಟ್ಟಿಗೆ ಬಿಚ್ಚಿ, ಫ್ಯಾನ್ ತೆಗೆದು, ಸಣ್ಣ ಕಂಬಿಯನ್ನು ಮೇಲಕ್ಕೆತ್ತಿ ಹಳೇ ಪ್ರೊಸೆಸರನ್ನು ಹೊರಗಿಟ್ಟಳು. ಬಿಸ್ಕತ್ತಿನಷ್ಟು ಅಗಲ, ಅಡಿಯಲ್ಲಿ ಸಾವಿರಕ್ಕೂ ಮಿಕ್ಕಿ ಬಂಗಾರದ ಬಣ್ಣದ ಸೂಜಿಕಾಲು. ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಷ್ಟು ಹಲ್ಲಿನ ಕೀ ನಾನು ಜನ್ಮದಲ್ಲಿ ನೋಡಿಲ್ಲ," ಎಂದ. ಅವನ ಮುಖದಲ್ಲಿ ಎರಡು ವರ್ಷದಿಂದ ಕಾಣದಿದ್ದ ಕುತೂಹಲ ಇತ್ತು.

ಹೊಸದನ್ನು ಮೂಲೆಯ ಗುರುತು ನೋಡಿ ಇಟ್ಟಳು. ಒತ್ತಬೇಕಾಗಿಯೇ ಇರಲಿಲ್ಲ, ಹೂವಿನ ಹಾಗೆ ಕೂತಿತು. ಕಂಬಿ ಇಳಿಸಿದಳು. ಬಿಸಿ ಎಳೆಯುವ ಬೂದು ಬಣ್ಣದ ಪೇಸ್ಟು ಹಚ್ಚಿ ಫ್ಯಾನ್ ಬಿಗಿದಳು. ಸ್ವಿಚ್ ಹಾಕಿದಳು. ಫ್ಯಾನ್ ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಅವಳು ತೆಗೆದು ಮತ್ತೆ ಹಾಕಿದಳು. ವೈರುಗಳನ್ನೆಲ್ಲ ಒತ್ತಿ ನೋಡಿದಳು. ಕಪ್ಪು. ಕೊನೆಗೆ ಮೆಟ್ಟಿಲು ಹತ್ತಿ ಎದುರಿನ ಬಸ್ ಸ್ಟಾಪಿಗೆ ಹೋಗಿ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು, ಅವತ್ತು ಪೂರ್ತಿ ಕೇಳಿಸಿಕೊಳ್ಳದ ಆ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದಳು. ಬೋರ್ಡಿನ ಕಂಪನಿ ತನ್ನ ಬೋರ್ಡು ಯಾವ ಯಾವ ಪ್ರೊಸೆಸರನ್ನು ಒಪ್ಪುತ್ತದೆಂದು ಸಾಲಾಗಿ ಬರೆದಿತ್ತು. ಅವಳು ತಂದದ್ದೂ ಅದರಲ್ಲಿತ್ತು. ಆದರೆ ಅದರ ಮುಂದೆ ಒಂದು ಸಂಖ್ಯೆ. ಬೋರ್ಡಿನ ಬಯಾಸ್ ಆ ಸಂಖ್ಯೆಯದ್ದೋ ಅದಕ್ಕಿಂತ ಹೊಸದೋ ಆಗಿರಬೇಕು.

ಗೆಳತಿಗೆ ಫೋನ್ ಮಾಡಿದಳು.

"ಅಯ್ಯೋ, ನಾನು ಅದನ್ನೇ ಹೇಳೋಕೆ ಹೊರಟಿದ್ದೆ, ನೀನು ಓಡಿಹೋದೆ," ಎಂದಳು ಗೆಳತಿ. "ಬಯಾಸ್ ಅಂದ್ರೆ ಬೋರ್ಡಿನೊಳಗೇ ಇರೋ ಸಣ್ಣ ಪ್ರೋಗ್ರಾಮು. ಕರೆಂಟ್ ಬಂದ ತಕ್ಷಣ ಮೊದಲು ಏಳೋದು ಅದು. ನಿನ್ನ ಬೋರ್ಡ್ ಹುಟ್ಟಿದಾಗ ಈ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ, ಅದಕ್ಕೆ ಇದರ ಗುರುತು ಸಿಕ್ತಿಲ್ಲ. ದೊಡ್ಡ ವಿಷಯ ಅಲ್ಲ. ಹಳೇ ಪ್ರೊಸೆಸರನ್ನೇ ಮತ್ತೆ ಕೂರಿಸು, ಅದರಿಂದ ಆನ್ ಮಾಡಿ ಬಯಾಸ್ ಹೊಸದು ಹಾಕು, ಆಮೇಲೆ ಹೊಸ ಪ್ರೊಸೆಸರ್ ಹಾಕು. ಹಳೇದು ಹುಷಾರಾಗಿ ಇಟ್ಟಿದ್ದೀಯ ತಾನೆ?"

"ಇಟ್ಟಿದ್ದೀನಿ, ಅಪ್ಪನ ಮೇಜಿನ ಮೇಲೇ ಇದೆ," ಎಂದು ಅವಳು ನಿರಾಳವಾಗಿ ಮೆಟ್ಟಿಲು ಇಳಿದಳು. ಬೀಗದವನ ಮಗಳಾಗಿ ನಾನೇ ಬರೀ ಒಳಗೆ ಹೋಗುತ್ತದೆಯೇ ಎಂದು ನೋಡಿದೆನಲ್ಲ, ತಿರುಗುತ್ತದೆಯೇ ಎಂದು ನೋಡಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಪ್ಪ ಬಾಗಿಲಲ್ಲೇ ನಿಂತಿದ್ದ. ಮುಖ ಅರಳಿತ್ತು. ಒಂದು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದ.

"ಕಣ್ಣು ಮುಚ್ಚು ಪುಟ್ಟಿ."

ಅವಳ ಅಂಗೈಗೆ ತಣ್ಣಗೆ ಏನೋ ಬಿತ್ತು. ಕಣ್ಣು ಬಿಟ್ಟಳು. ಉಕ್ಕಿನ ಬಳೆಗೆ ಸಿಕ್ಕಿಸಿದ ಒಂದು ಕೀಚೈನು. ಬಳೆಯಿಂದ ತೂಗುತ್ತಿದ್ದದ್ದು ಹಳೇ ಪ್ರೊಸೆಸರು. ಮೂಲೆಯಲ್ಲಿ ಅಚ್ಚುಕಟ್ಟಾದ ತೂತು, ಅಂಚಿಗೆ ಪಾಲಿಶ್. ಕೈಗೆ ಚುಚ್ಚದಿರಲಿ ಎಂದು ಸಾವಿರದ ಚಿಲ್ಲರೆ ಸೂಜಿಕಾಲನ್ನೂ ಬುಡಮಟ್ಟ ಅರದಿಂದ ಉಜ್ಜಿ ತೆಗೆದಿದ್ದ.

"ಫ್ಯಾನ್ ತಿರುಗಿತಲ್ಲ, ಇನ್ನು ಹಳೇದು ಯಾಕೆ ಅಂತ ನಿನಗೆ ಮಾಡ್ದೆ. ಹೇಗಿದೆ?"

ಐವತ್ತು ವರ್ಷ ಊರಿಗೆಲ್ಲ ಉಪದೇಶ ಮಾಡಿದ ಮನುಷ್ಯ, ಒಂದೇ ಒಂದು ಸಲ, ಖುಷಿ ತಡೆಯಲಾರದೆ, ಹೊಳೆ ದಾಟುವ ಮೊದಲೇ ಅಂಬಿಗನನ್ನು ಕಳಿಸಿಕೊಟ್ಟಿದ್ದ. ಮಗಳಿಗೆ ಸುಳ್ಳು ಬರೆಯಬೇಕೆನಿಸಿತು, ಬರೆಯಲಾಗಲಿಲ್ಲ. ಸ್ಲೇಟು ತೆಗೆದು ವಿಷಯವನ್ನು ಇದ್ದ ಹಾಗೆ ಬರೆದಳು.

ಅಪ್ಪ ಓದಿದ. ಇನ್ನೊಮ್ಮೆ ಓದಿದ. ಸ್ಟೂಲಿನ ಮೇಲೆ ಕೂತು ತನ್ನ ಎರಡು ಕೈಗಳನ್ನೂ ಯಾರದೋ ಕೈಗಳನ್ನು ನೋಡುವಂತೆ ನೋಡಿದ.

"ಬಿಟ್ಟುಬಿಡೋಣ ಪುಟ್ಟಿ. ಅಂಗಡಿ ನಡೆಸೋ ಬುದ್ಧಿಯೂ ನನಗಿನ್ನು ಉಳಿದಿಲ್ಲ."

ಮಗಳು ಸ್ಲೇಟು ಒರೆಸಿ ದೊಡ್ಡದಾಗಿ ಬರೆದಳು: ಶನಿವಾರ ಐದು ಗಂಟೆವರೆಗೆ ಈ ಮಾತು ಎತ್ತಬೇಡ. ಕೀಚೈನನ್ನು ಜೇಬಿಗೆ ಹಾಕಿಕೊಂಡು, "ಅರ್ಧ ತಪ್ಪು ನಂದು, ಅರ್ಧ ನಿಂದು, ಇಬ್ರೂ ಸೇರಿ ಸರಿಮಾಡಿದ್ರಾಯ್ತು," ಎಂದು ಗೊಣಗಿದಳು. ಅದು ಅಪ್ಪನಿಗೆ ಕೇಳಿಸಲಿಲ್ಲ.

ಶುಕ್ರವಾರ ಎರಡು ಗಂಟೆಗೆ ಬಸ್ಸು ಡಿಪೋ ಸೇರಿಸಿದವಳೇ ಮುಖ್ಯರಸ್ತೆಯ ಕಂಪ್ಯೂಟರ್ ಅಂಗಡಿಗೆ ನಡೆದಳು. ಅಂಗಡಿಯವನು ಮೊಬೈಲಿನಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟ.

"ಆ ಬೋರ್ಡ್ ಎಸೆದು ಹೊಸ ಬೋರ್ಡ್ ಹಾಕಿ ಮೇಡಂ. ಈಗ ಬರೋ ಬೋರ್ಡಿಗೆ ನಿಮ್ಮ ಮೆಮೊರಿ ಆಗಲ್ಲ, ಅದೂ ಹೊಸದು ಬೇಕು. ಸ್ಟಾಕ್ ಬರೋಕೆ ಹತ್ತು ದಿನ."

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಸ್ವಾಮಿ. ನನಗೆ ಬೇಕಿರೋದು ಒಂದು ಹಳೇ ಪ್ರೊಸೆಸರು, ಅದೂ ಅರ್ಧ ಗಂಟೆಗೆ. ನಿಮ್ಮ ಹತ್ರ ಯಾವುದಾದ್ರೂ ಇದ್ರೆ ಬೋರ್ಡ್ ಇಲ್ಲಿಗೇ ತರ್ತೀನಿ."

"ಹಳೇದೆಲ್ಲ ಯಾರು ಇಟ್ಕೊಂಡು ಕೂರ್ತಾರೆ? ಗುಜರಿಗೆ ಹಾಕ್ತೀವಿ."

"ಯಾವ ಗುಜರಿ?"

ಅವನು ಈಗ ತಲೆ ಎತ್ತಿದ. ಬೈದು ಹೋಗುತ್ತಾಳೆ ಎಂದುಕೊಂಡಿದ್ದವಳು ವಿಳಾಸ ಕೇಳುತ್ತಿದ್ದಳು.

ಗುಜರಿ ಅಂಗಡಿ ರೈಲು ಹಳಿಯ ಪಕ್ಕ, ತಗಡಿನ ಸೂರಿನ ಕೆಳಗಿತ್ತು. ಒಬ್ಬ ಹೆಂಗಸು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತು ಹಳೇ ಬೋರ್ಡುಗಳಿಂದ ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ ಮಾಡುತ್ತಿದ್ದಳು. ಪ್ರೊಸೆಸರುಗಳನ್ನು ಒಂದು ಪೇಂಟ್ ಡಬ್ಬದಲ್ಲಿ ಸುರಿದಿಟ್ಟಿದ್ದಳು. ಮಗಳು ಟಿಕೆಟ್ ರೋಲಿನ ಹಿಂದೆ ಬರೆದುಕೊಂಡು ಬಂದಿದ್ದ ಪಟ್ಟಿಯನ್ನು ಬಿಚ್ಚಿದಳು. ಹಳೇ ಬಯಾಸ್ ಗುರುತು ಹಿಡಿಯುವ ಹದಿನಾಲ್ಕು ಪ್ರೊಸೆಸರುಗಳ ಸಂಖ್ಯೆ. ಈ ಸಲ ಸಾಕೆಟ್ ಮಾತ್ರವಲ್ಲ, ಎರಡನ್ನೂ ನೋಡಬೇಕಿತ್ತು. ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ, ಒರೆಸಿ, ಬೆಳಕಿಗೆ ಹಿಡಿದು ಓದತೊಡಗಿದಳು. ಸಾಕೆಟ್ ಬೇರೆ. ಸಾಕೆಟ್ ಸರಿ, ಸಂಖ್ಯೆ ಬೇರೆ. ಸಂಖ್ಯೆ ಸರಿ, ಅರ್ಧ ಕಾಲುಗಳೇ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಬೆಳಗಿನ ಜಾವ ಮೂರೂವರೆಗೆ ಎದ್ದ ಕಣ್ಣು ಉರಿಯುತ್ತಿತ್ತು. ಒಂದು ಗೂಡ್ಸ್ ರೈಲು ಹೋಯಿತು, ಇನ್ನೊಂದು ಹೋಯಿತು.

ಡಬ್ಬದ ತಳದಲ್ಲಿ ಅದು ಸಿಕ್ಕಿತು. ಸಾಕೆಟ್ ಸರಿ, ಪಟ್ಟಿಯ ಒಂಬತ್ತನೇ ಸಂಖ್ಯೆ. ಒಂದು ಅಂಚಿನ ಕಾಲುಗಳೆಲ್ಲ ಮಾತ್ರ ಗಾಳಿಗೆ ಬಿದ್ದ ಪೈರಿನಂತೆ ಮಲಗಿದ್ದವು.

"ಅದರ ಕಾಲು ಮುರಿದಿದೆ ಅಕ್ಕ, ಅದು ಏಳಲ್ಲ," ಎಂದಳು ಗುಜರಿಯವಳು.

"ಮುರಿದಿಲ್ಲ, ಬಾಗಿದೆ. ಬಾಗಿದ್ದನ್ನ ನೆಟ್ಟಗೆ ಮಾಡೋರು ನಮ್ಮನೇಲಿದ್ದಾರೆ."

"ಯಾರು?"

"ನಮ್ಮಪ್ಪ. ಬೀಗದ ಅಂಗಡಿಯವರು."

"ಹಾಗಾದ್ರೆ ತಗೊಂಡು ಹೋಗಿ. ನನ್ನ ಟ್ರಂಕಿನ ಬೀಗ ಒಂದು ವರ್ಷದಿಂದ ಕಚ್ಕೊಂಡು ಕೂತಿದೆ, ಅದನ್ನ ತೆಗೆದುಕೊಡೋಕೆ ಹೇಳಿ. ಲೆಕ್ಕ ಚುಕ್ತಾ."

ನಾಲ್ಕೂವರೆಗೆ ಅವಳು ಅದನ್ನು ಅಪ್ಪನ ಮುಂದೆ ಬಟ್ಟೆಯ ಮೇಲಿಟ್ಟಳು. ನಿನ್ನೆಯಿಂದ ಅಪ್ಪ ಮಾತು ಕಡಿಮೆ ಮಾಡಿದ್ದ, ಯಾವ ಕೀಯನ್ನೂ ಮುಟ್ಟಿರಲಿಲ್ಲ. ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ.

"ಇಪ್ಪತ್ತಮೂರು ಬಾಗಿವೆ. ಎರಡು ಪೂರಾ ಮಲಗಿವೆ," ಎಂದ. ಆಮೇಲೆ, "ಕೈ ನಡುಗಿದ್ರೆ?"

ಮಗಳು ಸ್ಲೇಟಿನಲ್ಲಿ ಬರೆದಳು: ನಿನ್ನೆ ತೂತು ಕೊರೆಯುವಾಗ ನಡುಗಿರಲಿಲ್ಲ.

ಅಪ್ಪ ಅವಳ ಮುಖ ನೋಡಿ, ಗಂಟಲಲ್ಲೇ ನಕ್ಕ. ನಿನ್ನೆಯಿಂದ ಇದೇ ಮೊದಲ ನಗು. ಬೀಗದೊಳಗೆ ತೂರಿಸುವ ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಎತ್ತಿಕೊಂಡು, ಅದರ ತುದಿಯನ್ನು ಇನ್ನೂ ತೆಳ್ಳಗೆ ಅರೆದು, ಗಾಜಿನ ಬಾಗಿಲಿನ ಬೆಳಕಿಗೆ ಕೂತ. ಒಂದು ಸೂಜಿಕಾಲಿನ ಅಡಿಗೆ ಪಟ್ಟಿ ತೂರಿಸುವುದು, ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಎತ್ತುವುದು, ಬಿಡುವುದು, ನೋಡುವುದು.

"ಲೋಹಕ್ಕೂ ಸುಸ್ತಾಗುತ್ತೆ ಪುಟ್ಟಿ. ಅತ್ಲಾಗೊಂದ್ಸಲ ಇತ್ಲಾಗೊಂದ್ಸಲ ಬಗ್ಗಿಸಿದ್ರೆ ಮುರಿಯುತ್ತೆ. ಎತ್ತೋದು ಒಂದೇ ಸಲ, ಸರಿಯಾಗಿ ಎತ್ತಬೇಕು."

ಬೆಳಕು ಇಳಿಯುವಷ್ಟರಲ್ಲಿ ಹನ್ನೆರಡು ಎದ್ದು ನಿಂತಿದ್ದವು. ದೀಪ ಹಾಕಲು ಹೋದ ಮಗಳನ್ನು ಅಪ್ಪ ತಡೆದ. ದೀಪದ ನೆರಳು ನಂಬಿದರೆ ಕೆಟ್ಟಂತೆ, ಉಳಿದದ್ದು ಬೆಳಿಗ್ಗೆ ಎಂದ. ಗುಜರಿಯವಳ ಟ್ರಂಕಿನ ಬೀಗ ತೆಗೆಯಲು ಯಾವತ್ತು ಹೋಗಲಿ ಎಂದೂ ಕೇಳಿದ.

ಶನಿವಾರ ಮಗಳು ಬಸ್ಸು ಹೇಗೆ ಓಡಿಸಿದಳೆಂಬುದನ್ನು ಅವತ್ತಿನ ಪ್ರಯಾಣಿಕರೇ ಹೇಳಬೇಕು. ಯಾರಿಗೂ ಮಂಗಳಾರತಿ ಆಗಲಿಲ್ಲ, ತುಟಿ ಬಿಗಿದೇ ಇತ್ತು. ಎರಡಕ್ಕೆ ಇಳಿದು ಕಂಟ್ರೋಲ್ ರೂಮಿಗೆ ಹೋದಳು. ಗೆಳತಿ ಹೊಸ ಬಯಾಸನ್ನು ಒಂದು ಪೆನ್‌ಡ್ರೈವಿಗೆ ಹಾಕಿಟ್ಟಿದ್ದಳು.

"ಇದು ಬರೀತಿರೋವಾಗ ಕರೆಂಟ್ ಹೋದ್ರೆ ಬೋರ್ಡೇ ಹೋಯ್ತು ಅನ್ಕೋ. ಏನಾದ್ರೂ ಆಗಲಿ, ಮುಟ್ಟಬೇಡ," ಎಂದಳು.

ಈ ಸಲ ಮಗಳು ಹೊರಡಲಿಲ್ಲ. "ಇನ್ನೇನಾದ್ರೂ ಇದೆಯಾ? ಪೂರ್ತಿ ಹೇಳು," ಎಂದು ನಿಂತಳು.

"ಇಲ್ಲ ಮಾರಾಯ್ತಿ, ಇಷ್ಟೇ. ಹೋಗು."

ಅಂಗಡಿಯಲ್ಲಿ ಅಪ್ಪ ಕೊನೆಯ ಕಾಲನ್ನು ಎತ್ತುತ್ತಿದ್ದ. ಎತ್ತಿ, ಪಕ್ಕದಿಂದ, ಮೇಲಿಂದ, ಓರೆಯಿಂದ ನೋಡಿ, ಅಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ತಾನೇ ಸಾಕೆಟ್ಟಿನ ಮೇಲಿಟ್ಟ. ಒಂದು ಕ್ಷಣ ಅದು ಸೆಟೆದುಕೊಂಡಂತೆ ನಿಂತಿತು, ಆಮೇಲೆ ಸರಕ್ಕನೆ ಇಳಿಯಿತು. ಫ್ಯಾನ್ ಬಿಗಿದು ಸ್ವಿಚ್ ಹಾಕಿದರು. ಪರದೆ ಬೆಳಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಗಳು ಪೆನ್‌ಡ್ರೈವ್ ಹಾಕಿ ಬಯಾಸ್ ಬರೆಯಲು ಬಿಟ್ಟಳು. ಪರದೆಯ ಮೇಲೆ ಒಂದು ಗೆರೆ ಇಷ್ಟಿಷ್ಟೇ ತುಂಬತೊಡಗಿತು. ಕರೆಂಟ್ ಹೋದರೆ ಎಲ್ಲ ಮುಗಿಯಿತು ಎಂದು ಸ್ಲೇಟಿನಲ್ಲಿ ಓದಿದ ಅಪ್ಪ, ಮೇನ್ ಸ್ವಿಚ್ಚಿನ ಮುಂದೆ ಕೈಕಟ್ಟಿ ನಿಂತ. ಕಾಲು ಭಾಗ ತುಂಬುವ ಹೊತ್ತಿಗೆ ಒಬ್ಬ ಗಿರಾಕಿ ದಡದಡ ಮೆಟ್ಟಿಲಿಳಿದು ಬಂದು ಕೀ ಮುಂದೆ ಹಿಡಿದು ಇನ್ನೊಂದು ಬೇಕೆಂದು ಬೆರಳು ತೋರಿಸಿದ. ಹೊರಗೆ ಟ್ಯಾಕ್ಸಿ ನಿಂತಿದೆ ಎಂದೂ ಕೈಸನ್ನೆ ಮಾಡಿದ. ಅಪ್ಪನ ಕೈ ಅಭ್ಯಾಸಬಲದಿಂದ ಕೀ ಕೊರೆಯುವ ಯಂತ್ರದ ಗುಂಡಿಯತ್ತ ಹೋಯಿತು. ಮಗಳು ಕೂಗಿದಳು. ಕೂಗಿ ಏನು ಪ್ರಯೋಜನ? ಆದರೆ ಗುಂಡಿಯಿಂದ ಒಂದು ಗೇಣು ದೂರದಲ್ಲಿ ಆ ಕೈ ತಾನೇ ನಿಂತಿತು. ಅಪ್ಪ ತಿರುಗಿ ಫ್ಯೂಸಿನ ಪೆಟ್ಟಿಗೆ ನೋಡಿದ, ಪರದೆ ನೋಡಿದ, ಯಂತ್ರಕ್ಕೆ ಬೆನ್ನು ಹಾಕಿದ. ಖಾಲಿ ಕೀಯೊಂದನ್ನು ಇಕ್ಕಳದ ಬಾಯಿಗೆ ಸಿಕ್ಕಿಸಿ ಕೈಯರದಿಂದಲೇ ಉಜ್ಜತೊಡಗಿದ. ಮೊದಮೊದಲು ಗಿರಾಕಿ ಕೈ ಕೈ ಹಿಸುಕಿಕೊಂಡ, ಆಮೇಲೆ ಬಾಯಿ ತೆರೆದು ನೋಡುತ್ತ ನಿಂತ. ಕೀ ಮುಗಿಯುವುದಕ್ಕೂ ಗೆರೆ ತುಂಬುವುದಕ್ಕೂ ಹೆಚ್ಚು ಅಂತರ ಇರಲಿಲ್ಲ.

"ಮೂರು ಸಲ ತಿರುಗಿಸಿ ನೋಡಿ," ಎಂದ ಅಪ್ಪ ಗಿರಾಕಿಗೆ, "ಆಮೇಲೇ ಹಳೇದು..." ಎಂದು ಮಗಳತ್ತ ಕಣ್ಣು ಹೊರಳಿಸಿ, ಮುಂದಿನದನ್ನು ನುಂಗಿಕೊಂಡ.

ಗಂಟೆ ನಾಲ್ಕಾಗಿತ್ತು. ಗುಜರಿಯ ಪ್ರೊಸೆಸರನ್ನು ತೆಗೆದು ಹೊಸದನ್ನು ಕೂರಿಸಿದರು. ಸ್ವಿಚ್. ಫ್ಯಾನ್ ತಿರುಗಿತು. ಕಪ್ಪು, ಕಪ್ಪು, ಕಪ್ಪು. ಆಮೇಲೆ ಪರದೆ ಬೆಳಗಿ, ಹೊಸ ಪ್ರೊಸೆಸರಿನ ಹೆಸರನ್ನು ಅಕ್ಷರಕ್ಷರ ಬರೆದು ತೋರಿಸಿತು.

ಅವಳು ಗುಜರಿಯದ್ದನ್ನು ಎತ್ತಿಡಲು ಹೋದಳು. ಅಪ್ಪ ಅದರ ಮೇಲೆ ಕೈಯಿಟ್ಟ.

"ಇರು. ಇನ್ನೂ ಎರಡು ಸಲ."

ಆರಿಸಿ ಹಾಕಿದರು, ಬಂತು. ಆರಿಸಿ ಹಾಕಿದರು, ಬಂತು. ಆಗ ಅಪ್ಪ ಕೈ ತೆಗೆದ.

ಮಗಳು ಪ್ರೋಗ್ರಾಮ್ ತೆರೆದು, ಪರದೆಯನ್ನು ಅಪ್ಪನ ಕಡೆ ತಿರುಗಿಸಿ, ಮೈಕಿನ ವೈರು ಸಿಕ್ಕಿಸಲು ಮೇಜಿನ ಕೆಳಗೆ ಬಗ್ಗಿದಳು. ವೈರು ಕೂತಿತು. ಮಾತು ಇನ್ನೂ ತಡವಾಗಿಯೇ ಬಂದರೆ? ಇಷ್ಟೆಲ್ಲ ಮಾಡಿ ಅದೇ ಅರ್ಧ ನಿಮಿಷವಾದರೆ? ಭಯವಾದಾಗ ಅವಳ ಬಾಯಿ ತಾನೇ ಆಡುತ್ತಿತ್ತು.

"ಇದೂ ಕೈ ಕೊಟ್ರೆ ಸೋಮವಾರ ಡಿಪೋಗೆ ಹೋಗಿ ರಾಜೀನಾಮೆ ಕೊಟ್ಟುಬಿಡ್ತೀನಿ. ಏನಾದ್ರೂ ಆಗಲಿ, ಅಪ್ಪನ ಅಂಗಡಿ ಮುಚ್ಚೋಕೆ ಮಾತ್ರ..."

"ಯಾವ ರಾಜೀನಾಮೆ?"

ಮೇಜಿನ ಕೆಳಗೆ ಅವಳು ಹಾಗೇ ಉಳಿದಳು. ಎರಡು ವರ್ಷದಲ್ಲಿ ಅವಳ ಗೊಣಗಾಟಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ನಿಧಾನವಾಗಿ ತಲೆ ಎತ್ತಿದಳು. ಪರದೆಯ ಮೇಲೆ ಅವಳ ಮಾತು ಅಂಗೈಯಗಲದ ಅಕ್ಷರದಲ್ಲಿ ನಿಂತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ.

"ಎಷ್ಟು ದಿನದಿಂದ ಇದು?"

"ಒಂದು ತಿಂಗಳು," ಎಂದಳು. ಬಾಯಿ ಮುಚ್ಚುವಷ್ಟರಲ್ಲಿ ಪರದೆ ಅದನ್ನೂ ಬರೆಯಿತು. ಚಾಡಿಕೋರ ಯಂತ್ರ, ಅವಳೇ ಓಡಾಡಿ ಕಟ್ಟಿದ್ದು.

"ನನ್ನ ಎದುರಿಗೇ ಆಡ್ತಿದ್ದೆಯಾ?"

"ಹ್ಞೂಂ."

"ಬೇರೆ ಏನೇನು ಆಡಿದ್ದೀಯ?"

"ಪಟ್ಟಿ ಉದ್ದ ಇದೆ ಅಪ್ಪ. ಬಿಡು."

ಅಪ್ಪ ಕೈ ಚಾಚಿದ. ಕೇಳಬೇಕಾಗಿರಲಿಲ್ಲ. ಅವಳು ಜೇಬಿನಿಂದ ಪತ್ರ ತೆಗೆದುಕೊಟ್ಟಳು. ಅಪ್ಪ ಅದನ್ನು ಓದಲೂ ಇಲ್ಲ. ಬೆರಳಿಗೆ ಮೆತ್ತಿದ್ದ ಬೂದು ಪೇಸ್ಟನ್ನು ಅದಕ್ಕೆ ಚೆನ್ನಾಗಿ ಒರೆಸಿ, ಉಂಡೆ ಮಾಡಿ ಕಸದ ಡಬ್ಬಕ್ಕೆ ಹಾಕಿದ.

"ಈಗ ಎದ್ದು ಆಚೆ ಹೋಗು. ಒಡತಿ ಬಂದಾಗ ನೀನಿಲ್ಲಿ ಇರಬಾರದು. ಅದೇ ಮಾತಾಗಿತ್ತು."

ಮಗಳು ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತಳು. ಅವಳದೇ ರೂಟಿನ ಬಸ್ಸು ಬಂತು, ಡ್ರೈವರು ಹತ್ತು ಎಂದು ಸನ್ನೆ ಮಾಡಿದ, ಅವಳು ಮುಂದೆ ಹೋಗು ಎಂದು ಕೈ ಬೀಸಿದಳು. ಐದಕ್ಕೆ ಸರಿಯಾಗಿ ಕಟ್ಟಡದ ಒಡತಿ ಮೆಟ್ಟಿಲಿಳಿದಳು. ಒಡತಿಗೆ ಎದುರಿಗಿದ್ದವರ ಮುಖ ನೋಡಿ ಮಾತಾಡುವ ಅಭ್ಯಾಸವೇ ಇಲ್ಲ, ಯಾವಾಗಲೂ ಬ್ಯಾಗಿನೊಳಗೆ ತಲೆ ಹಾಕಿಕೊಂಡು ಏನನ್ನೋ ಹುಡುಕುತ್ತಲೇ ಮಾತು. ಗಾಜಿನ ಆಚೆ ಅವಳು ಬ್ಯಾಗಿನೊಳಗೆ ತಲೆ ಹಾಕಿದಳು. ಅಪ್ಪನ ಕಣ್ಣು ಪರದೆಯ ಮೇಲೆ ಹರಿಯಿತು, ಬಾಯಿ ತೆರೆಯಿತು. ಒಡತಿಯ ತಲೆ ಬ್ಯಾಗಿನಿಂದ ಥಟ್ಟನೆ ಮೇಲೆದ್ದಿತು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಪ್ಪ ಒಂದು ಸಲ ಛಾವಣಿಯತ್ತ ಬೆರಳು ತೋರಿಸಿದ. ಕೊನೆಗೆ ಮೇಜಿನ ಮೇಲೆ ಬಗ್ಗಿ ಏನೋ ಬರೆದ. ರಸ್ತೆಯ ಈಚೆ ನಿಂತ ಮಗಳು ಬೆಂಚಿನ ಮೇಲೆ ಕೂತಳು.

ಒಡತಿ ಮೇಲೆ ಬಂದವಳು ರಸ್ತೆ ದಾಟಿ ಅವಳ ಮುಂದೆ ನಿಂತಳು.

"ಏನಮ್ಮ ಅದು ಯಂತ್ರ? ಛಾವಣಿ ಸೋರೋದನ್ನ ಎರಡು ವರ್ಷದಿಂದ ನಾನು ಹೇಗೋ ಮಾತಲ್ಲೇ ತೇಲಿಸ್ತಿದ್ದೆ. ಇವತ್ತು ರಿಪೇರಿ ತಾರೀಖು ಬರೆಸಿಕೊಂಡೇ ಬಿಟ್ರು ನಿಮ್ಮಪ್ಪ!"

ಮಗಳು ಅಂಗಡಿಗೆ ಇಳಿದಳು. ಅಪ್ಪ ಬೆನ್ನು ಹಾಕಿ ಗೋಡೆಯ ಬೀಗದ ಕೈಗಳನ್ನು ಸರಿಮಾಡುತ್ತಿದ್ದ. ಪರದೆಯ ಮೇಲೆ ಮಾತೆಲ್ಲ ಹಾಗೇ ಉಳಿದಿತ್ತು. ಯಂತ್ರಕ್ಕೆ ಯಾರು ಹೇಳಿದ್ದು ಎಂಬ ಭೇದವಿಲ್ಲ, ಒಡತಿಯದನ್ನೂ ಬರೆದಿತ್ತು, ಅಪ್ಪನದನ್ನೂ ಬರೆದಿತ್ತು. ಅವಳು ನಿಂತೇ ಓದಿದಳು.

ಎಷ್ಟು ವರ್ಷಕ್ಕೆ ಬರೀಲಿ

ಐದು

ಒಬ್ಬರೇ ಆಗುತ್ತಾ ಮಗಳು ಜತೆಗಿರ್ತಾಳಾ

ಇಲ್ಲ ಅವಳಿಗೆ ಅವಳ ಬಸ್ಸಿದೆ

ಮತ್ತೆ ಸ್ಟಾಪಲ್ಲಿ ನಿಂತು ಈ ಕಡೇನೇ ನೋಡ್ತಿದಾಳಲ್ಲ

ನೋಡಲಿ ಇವತ್ತೊಂದು ದಿನ ಎರಡು ವರ್ಷದಿಂದ ಮಧ್ಯಾಹ್ನ ಕಣ್ಣು ಮುಚ್ಚಿಲ್ಲ ಅವಳು ಸೋಮವಾರದಿಂದ ಮನೆಗೆ ಹೋಗಿ ಮಲಗಲಿ

ಅಕ್ಷರಗಳು ಮಂಜಾದವು. ತೋಳಿನಿಂದ ಕಣ್ಣು ಒರೆಸಿಕೊಂಡಳು. "ಸೋಮವಾರದವರೆಗೂ ಯಾಕೆ, ನಾಳೇನೇ ಮಲಗ್ತೀನಿ," ಎಂದು ಗೊಣಗಿದಳು.

ಅಪ್ಪ ಹಿಂದಿರುಗಿ ಪರದೆಯ ಕಡೆ ಒಂದು ಕಣ್ಣು ಹಾಯಿಸಿದ.

"ನಾಳೆ ಭಾನುವಾರ," ಎಂದ. "ನಾಳೆ ಎಲ್ಲರೂ ಮಲಗ್ತಾರೆ. ಅದರಲ್ಲೇನು ದೊಡ್ಡಸ್ತಿಕೆ?"

ಉತ್ತರ ಬಾಯ ತುದಿಯವರೆಗೂ ಬಂತು. ಮೈಕಿನತ್ತ ನೋಡಿ ಅದನ್ನು ನುಂಗಿಕೊಂಡಳು. ಜೇಬಿನಿಂದ ತೂತು ಬಿದ್ದ ಪ್ರೊಸೆಸರಿನ ಕೀಚೈನು ತೆಗೆದು, ತನ್ನ ಹತ್ತಿರವಿದ್ದ ಅಂಗಡಿಯ ಬೀಗದ ಕೈಯನ್ನು ಅದಕ್ಕೆ ಸೇರಿಸಿ, ಅಪ್ಪನ ಮೇಜಿನ ಮೇಲಿಟ್ಟು ಮನೆಗೆ ಹೊರಟಳು.